ಎನ್ವಿರಾನ್ಮೆಂಟಲ್‌ಗೆ ಬ್ರಾಂಚ್ ಬದಲಿಸಲಾ ಸರ್?

ಮೊದಲ ವರ್ಷದ ರಿಸಲ್ಟ್ ಬಂತು ಅಂದರೆ ನನಗೆ ಈ ಫೋನು ಶುರು. "ಸರ್, ಈಗ ಸಿವಿಲ್‌ನಲ್ಲಿದ್ದೀನಿ. ಎನ್ವಿರಾನ್ಮೆಂಟಲ್ ಇಂಜಿನಿಯರಿಂಗ್‌ಗೆ ಬದಲಿಸಿಕೊಳ್ಳಲಾ?"

ಸೀಟು ಖಾಲಿ ಇದ್ದು, ಅಂಕ ಚೆನ್ನಾಗಿದ್ದರೆ ಮೂರನೇ ಸೆಮಿಸ್ಟರ್ ಹೊತ್ತಿಗೆ ಬದಲಿಸಿಕೊಳ್ಳಬಹುದು. ಆದರೆ ಈ ಬ್ರಾಂಚ್ ಇರುವ ಕಾಲೇಜುಗಳೇ ಕಡಿಮೆ. ಅದನ್ನು ಮೊದಲು ವಿಚಾರಿಸಿ.

ಯಾಕೆ ಅಂತ ಕೇಳಿದರೆ ಹೆಚ್ಚಿನವರು "ಪರಿಸರ ಅಂದ್ರೆ ಇಷ್ಟ" ಅಂತಾರೆ. ಕಾಡು, ಹಕ್ಕಿ, ಪಶ್ಚಿಮ ಘಟ್ಟ. ಪಾಪ, ಈ ಕೋರ್ಸಿನಲ್ಲಿ ಹಕ್ಕಿ ಸಿಗುವುದಿಲ್ಲ, ಕೊಳಚೆ ನೀರು ಸಿಗುತ್ತದೆ. ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಟ್ಟರೆ, ಅದರಲ್ಲಿ ಶೇ. 80ರಷ್ಟು ಒಳಚರಂಡಿಗೆ ಬರುತ್ತದೆ ಅಂತ ಹಿಡಿದು ನಮ್ಮ ಲೆಕ್ಕ ಶುರುವಾಗುತ್ತದೆ. ಅಲ್ಲಿಂದ ಮುಂದೆ ಪೈಪು, ಪಂಪು, ಟ್ಯಾಂಕು, ಬ್ಯಾಕ್ಟೀರಿಯಾ. ಪಿಯುಸಿಯಲ್ಲಿ ಕೆಮಿಸ್ಟ್ರಿ ಕಂಡರೆ ಓಡುತ್ತಿದ್ದವರು ಇನ್ನೊಮ್ಮೆ ಯೋಚಿಸಿ.

ನಾನೂ ಹೀಗೇ ಬದಲಿಸಿಕೊಂಡವನು. ಅಪ್ಪ "ಮೋರಿ ಇಂಜಿನಿಯರ್ ಆಗ್ತೀಯಾ?" ಅಂದಿದ್ದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನನ್ನ ಮೊದಲ ಕೆಲಸ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರು ಸಂಸ್ಕರಿಸುವ ಘಟಕದಲ್ಲಿ. ಬೇಸ್‌ಮೆಂಟಿನಲ್ಲಿ, ಕಾರುಗಳ ಹಿಂದೆ. ಅಲ್ಲಿ ಕೊಳಚೆ ನೀರಿಗೆ ಗಾಳಿ ಊದುವ ಏರೇಶನ್ ಟ್ಯಾಂಕು ಇರುತ್ತದೆ. ಬೆಳಿಗ್ಗೆ ಅದರಿಂದ ಒಂದು ಲೀಟರ್ ನೀರು ತೆಗೆದು ಅಳತೆಯ ಸಿಲಿಂಡರಿಗೆ ಹುಯ್ದು, 30 ನಿಮಿಷ ಅಲುಗಿಸದೆ ಇಡಬೇಕು. ಟ್ಯಾಂಕು ಆರೋಗ್ಯವಾಗಿದ್ದರೆ ಕಂದು ಸ್ಲಡ್ಜು (ಬ್ಯಾಕ್ಟೀರಿಯಾ ತುಂಬಿದ ಕೆಸರು) ಒಡೆದ ಹಾಲಿನ ಹಾಗೆ ಗಂಟು ಗಂಟಾಗಿ ಕೆಳಗೆ ಕೂರುತ್ತದೆ, ಮೇಲೆ ತಿಳಿನೀರು. ವಾಸನೆ ಒದ್ದೆ ಮಣ್ಣಿನದು. ಹೇಳಿದರೆ ಯಾರೂ ನಂಬಲ್ಲ. ಹೀಗೆ ಗಾಳಿ ಊದಿ, ಬ್ಯಾಕ್ಟೀರಿಯಾಗಳಿಂದ ಕೊಳೆ ತಿನ್ನಿಸುವುದು 1914ರಲ್ಲಿ ಮ್ಯಾಂಚೆಸ್ಟರಿನ ಇಬ್ಬರು ತೋರಿಸಿಕೊಟ್ಟ ವಿಧಾನ. ಇವತ್ತಿಗೂ ನಮ್ಮ ಹೊಟ್ಟೆಪಾಡು ಅದರಿಂದಲೇ.

ಒಂದು ದಿನ ನೋಡಿದರೆ ಸಿಲಿಂಡರ್ ಪೂರ್ತಿ ಕಪ್ಪು, ಕೊಳೆತ ಮೊಟ್ಟೆ ವಾಸನೆ. ಯಾರಾದರೂ ಆಸಿಡ್ ಸುರಿದರಾ, ಬರುವ ಕೊಳೆ ಜಾಸ್ತಿಯಾಯಿತಾ ಅಂತ ಎರಡು ದಿನ ಲೆಕ್ಕ ಹಾಕಿದೆ. ಕೊನೆಗೆ ಗೊತ್ತಾಯಿತು, ಕರೆಂಟ್ ಬಿಲ್ ಉಳಿಸಲು ರಾತ್ರಿ ಗಾಳಿ ಊದುವ ಬ್ಲೋವರ್ ಆಫ್ ಮಾಡುತ್ತಿದ್ದರು. ಬ್ಯಾಕ್ಟೀರಿಯಾಗಳಿಗೆ ಉಸಿರಾಡಲು ಗಾಳಿಯೇ ಇಲ್ಲ! ಕಮಿಟಿ ಮೀಟಿಂಗಿನಲ್ಲಿ ಕೂತು ಬ್ಯಾಕ್ಟೀರಿಯಾಗಳ ಪರ ವಕಾಲತ್ತು ಮಾಡುವುದೂ ನಮ್ಮ ಕೆಲಸವೇ. ಸಿಲೆಬಸ್ಸಿನಲ್ಲಿ ಅದು ಇರಲಿಲ್ಲ.

ದೊಡ್ಡ ಮಟ್ಟದಲ್ಲೂ ಇದೇ ಕಥೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಒಣಗಿದ್ದ ಕೆರೆ ತುಂಬಿತು ಅಂತ ಖುಷಿಪಟ್ಟವರಿದ್ದಾರೆ. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯದೂ ಬೇಕು ಅಂತ ಜಗಳ ತೆಗೆದವರೂ ಇದ್ದಾರೆ. ಈ ಜಗಳ ಕೇಳಿದಾಗ ಯಾವ ಕಡೆ ಸೇರಲಿ ಅನ್ನುವುದಕ್ಕಿಂತ ಮೊದಲು "ಆ ನೀರಲ್ಲಿ ಏನೇನಿದೆ, ಎಷ್ಟೆಷ್ಟಿದೆ?" ಅಂತ ನಿಮಗೆ ಕುತೂಹಲ ಹುಟ್ಟುತ್ತದಾ? ಹಾಗಿದ್ದರೆ ಬನ್ನಿ.

ಅನುಮಾನ ಇದ್ದರೆ ಮಾತ್ರ ಸಿವಿಲ್‌ನಲ್ಲೇ ಇರಿ. ಅಲ್ಲೂ ಈ ವಿಷಯದ ಪೇಪರ್ ಇರುತ್ತದೆ. ಸಿವಿಲ್ ಮುಗಿಸಿ ಎನ್ವಿರಾನ್ಮೆಂಟಲ್‌ನಲ್ಲಿ ಎಂ.ಟೆಕ್ ಮಾಡಬಹುದು, 2021ರಿಂದ ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆಯಲ್ಲಿ ಇದಕ್ಕೆ ಪ್ರತ್ಯೇಕ ಪೇಪರೂ ಇದೆ. ಎನ್ವಿರಾನ್ಮೆಂಟಲ್‌ನಿಂದ ಸಿವಿಲ್ ಕಡೆಗೆ ಹೋಗುವುದೇ ಕಷ್ಟ. ಲೋಕೋಪಯೋಗಿ ಇಲಾಖೆಯ ಇಂಜಿನಿಯರ್ ಹುದ್ದೆಯ ಆಸೆ ಇದ್ದರೆ, ಅದಕ್ಕೆ ಯಾವ ಡಿಗ್ರಿ ಬೇಕು ಅಂತ ಮೊದಲೇ ನೋಡಿಕೊಳ್ಳಿ. ಕಂಪ್ಯೂಟರ್ ಸೈನ್ಸ್ ಬಿಟ್ಟು ಬರುವವರು, ಶುರುವಿನ ಸಂಬಳ ಕಡಿಮೆ ಅಂತ ಮನೆಯಲ್ಲಿ ಮೊದಲೇ ಹೇಳಿಬಿಡಿ.

ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿ. ಹತ್ತಿರದ ಅಪಾರ್ಟ್‌ಮೆಂಟಿನ ಎಸ್‌ಟಿಪಿಗೆ ಕೇಳಿಕೊಂಡು ಹೋಗಿ. ಅಲ್ಲಿನ ಆಪರೇಟರ್‌ಗೆ ಸ್ಲಡ್ಜಿನ ಬಣ್ಣ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ಸಿಲಿಂಡರ್ ಇಡಲು ಹೇಳಿ. ಅರ್ಧ ಗಂಟೆ ಅದರ ಮುಂದೆ ಸುಮ್ನೆ ನಿಲ್ಲಿ. ಆ ಅರ್ಧ ಗಂಟೆಯಲ್ಲಿ ಎಷ್ಟು ಸಲ ಮೊಬೈಲ್ ತೆಗೆದಿರಿ ಅಂತ ನನಗೆ ಫೋನ್ ಮಾಡಿ ಹೇಳಿ.