ಚದರಕ್ಕೆ ಬಂದಾಗ ನೂರು ಸಾಲದು

ಒಂದು ಮೀಟರಿಗೆ ನೂರು ಸೆಂಟಿಮೀಟರ್ ಎಂಬುದನ್ನು ಆರನೆಯ ತರಗತಿಯ ಮಕ್ಕಳು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತಾರೆ. ಆದರೆ ಒಂದು ಚದರ ಮೀಟರಿಗೆ ಎಷ್ಟು ಚದರ ಸೆಂಟಿಮೀಟರ್ ಎಂದರೆ, ಅನೇಕರ ಬಾಯಿಂದ ಮತ್ತೆ ಅದೇ ನೂರು ಹೊರಬೀಳುತ್ತದೆ. ಮನೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವಾಗ ನಾನು ಪದೇ ಪದೇ ಕಾಣುವ ತಪ್ಪು ಇದು. ಇದಕ್ಕೆ ಮಕ್ಕಳ ಅಜಾಗರೂಕತೆಯನ್ನು ದೂರುವುದು ನ್ಯಾಯವಲ್ಲ. ಉದ್ದದ ಕೋಷ್ಟಕವನ್ನು ಬಾಯಿಪಾಠ ಮಾಡಿಸಿ, ವಿಸ್ತೀರ್ಣದಲ್ಲಿ ಆ ಲೆಕ್ಕ ಏಕೆ ಬದಲಾಗುತ್ತದೆ ಎಂಬುದನ್ನು ಕಣ್ಣಿಗೆ ಕಾಣಿಸದೆ ಮುಂದಿನ ಪಾಠಕ್ಕೆ ಹೋಗಿಬಿಡುವವರು ನಾವೇ.

ಕಾಣಿಸುವುದಕ್ಕೆ ಒಂದು ಗ್ರಾಫ್ ಹಾಳೆ ಸಾಕು. ಅದರಲ್ಲಿ ಒಂದು ಸೆಂಟಿಮೀಟರ್ ಚೌಕವನ್ನು ಪೆನ್ಸಿಲಿನಿಂದ ಗುರುತಿಸಿ ಒಳಗಿನ ಮಿಲಿಮೀಟರ್ ಮನೆಗಳನ್ನು ಎಣಿಸಲು ಹೇಳಿದರೆ, ಮಗು ಅಡ್ಡಸಾಲಿನಲ್ಲಿ ಹತ್ತು ಎಣಿಸಿ, ಅಂಥ ಸಾಲುಗಳೂ ಹತ್ತಿವೆ ಎಂದು ಕಂಡ ಕೂಡಲೇ ಎಣಿಸುವುದನ್ನು ನಿಲ್ಲಿಸಿ ನೂರು ಎನ್ನುತ್ತದೆ. ಉದ್ದದಲ್ಲಿ ಹತ್ತಾಗಿದ್ದದ್ದು ಚದರದಲ್ಲಿ ಹತ್ತು ಹತ್ತಲ ನೂರಾಯಿತು. ಹಾಗಾದರೆ ಮೀಟರಿನ ನೂರು ಚದರ ಮೀಟರಿನಲ್ಲಿ ನೂರು ನೂರಲ ಹತ್ತು ಸಾವಿರ ಆಗಲೇಬೇಕು.

ಇಷ್ಟಾದ ಮೇಲೆ ನಾನು ಗುಂಟೆಯನ್ನು ಚದರ ಮೀಟರಿಗೆ ತರುವ ಲೆಕ್ಕ ಕೊಡುತ್ತೇನೆ, ಏಕೆಂದರೆ ನಮ್ಮ ಪಹಣಿಗಳಲ್ಲಿ ಜಮೀನು ಇಂದಿಗೂ ಎಕರೆ-ಗುಂಟೆಗಳಲ್ಲೇ ಇದೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ, ಅದು 43,560 ಚದರ ಅಡಿ. ಒಂದು ಅಡಿಗೆ 0.3048 ಮೀಟರ್ ಆದ್ದರಿಂದ 1,089 ಅನ್ನು ಒಂದೇ ಸಲ 0.3048ರಿಂದ ಗುಣಿಸಿದ ಮಗುವಿಗೆ ಸುಮಾರು 332 ಸಿಗುತ್ತದೆ. ಆಗ ತಪ್ಪೆಂದು ಹೇಳದೆ, ಬದಿಯನ್ನೇ ಮೊದಲು ಮೀಟರಿಗೆ ತರಲು ಹೇಳಬೇಕು. 33 ಅಡಿ ಎಂದರೆ 10 ಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು. ಹತ್ತು ಮೀಟರ್ ಬದಿಯ ಚೌಕದಲ್ಲಿ 332 ಚದರ ಮೀಟರ್ ಹಿಡಿಯುವುದಾದರೂ ಹೇಗೆ? ಸರಿಯಾದ ಉತ್ತರ ಸುಮಾರು 101.17 ಚದರ ಮೀಟರ್. ಉತ್ತರವನ್ನು ಹೀಗೆ ಅಂದಾಜಿನೊಡನೆ ತಾಳೆ ನೋಡುವ ಅಭ್ಯಾಸವನ್ನು ನಾನು ಕೋಷ್ಟಕಕ್ಕಿಂತ ಮೇಲೆಂದು ಎಣಿಸುತ್ತೇನೆ.

ವೇಗವನ್ನು ಗಂಟೆಗೆ ಕಿಲೋಮೀಟರಿನಿಂದ ಸೆಕೆಂಡಿಗೆ ಮೀಟರಿಗೆ ತರಲು ಗುಣಿಸುವ 5/18 ಕೂಡ ಬಾಯಿಪಾಠದ ಮಂತ್ರವೇನಲ್ಲ. 1,000 ಮೀಟರನ್ನು 3,600 ಸೆಕೆಂಡಿನಿಂದ ಭಾಗಿಸಿದರೆ ಅದೇ ಬರುತ್ತದೆ.

ಚದರದಲ್ಲಿ ನೂರನ್ನು ಎರಡು ಸಲ ತೆಗೆದುಕೊಂಡು ಗುಣಿಸಿದಂತೆ ಘನದಲ್ಲಿ ಮೂರು ಸಲ ತೆಗೆದುಕೊಂಡು ಗುಣಿಸಬೇಕು. ಒಂದು ಘನ ಮೀಟರಿಗೆ ಹತ್ತು ಲಕ್ಷ ಘನ ಸೆಂಟಿಮೀಟರ್, ಅಂದರೆ ಸಾವಿರ ಲೀಟರ್. ಮಹಡಿಯ ಮೇಲಿನ ಸಾವಿರ ಲೀಟರಿನ ಟ್ಯಾಂಕಿನಲ್ಲಿ ಇರುವುದು ಅಷ್ಟೇ ನೀರು. ಮಳೆಗಾಲದಲ್ಲಿ ಪತ್ರಿಕೆ ತೆರೆದರೆ ಕಾಣುವ ಟಿಎಂಸಿಯನ್ನೂ ಏಳನೆಯ ತರಗತಿಯ ಮಗು ಬಿಡಿಸಬಲ್ಲದು: ಅದು ನೂರು ಕೋಟಿ ಘನ ಅಡಿ, ಒಂದು ಘನ ಅಡಿಗೆ ಸುಮಾರು 28.3 ಲೀಟರ್, ಹೀಗಾಗಿ ಒಂದು ಟಿಎಂಸಿಗೆ ಸುಮಾರು 2,830 ಕೋಟಿ ಲೀಟರ್. ಕೃಷ್ಣರಾಜಸಾಗರ 124.80 ಅಡಿ ತುಂಬಿದಾಗ ಅದರಲ್ಲಿ ಸುಮಾರು 49.45 ಟಿಎಂಸಿ ನೀರಿರುತ್ತದೆ. ಅದನ್ನು ಲೀಟರಿಗೆ ತಂದು, ಮನೆಯ ಟ್ಯಾಂಕಿನ ಎಷ್ಟು ಪಟ್ಟು ಎಂದು ಕಂಡುಹಿಡಿಯುವ ಲೆಕ್ಕವನ್ನು ಮಕ್ಕಳು ಯಾರೂ ಒತ್ತಾಯಿಸದೆ ಮಾಡುತ್ತಾರೆ.