ನಮ್ಮ ಮರಬೆಕ್ಕೂ ಆಫ್ರಿಕದ ನ್ಯಾಂಡಿನಿಯಾವೂ

ಮಾವಿನ ಹಂಗಾಮಿನಲ್ಲಿ ಧಾರವಾಡದ ಕೆಲಗೇರಿ ಕಡೆಯ ತೋಟಗಳಲ್ಲಿ ಕಾವಲಿಗೆ ಮಲಗುವವರಿಗೆ ಮರಬೆಕ್ಕಿನ ಪರಿಚಯ ಚೆನ್ನಾಗಿಯೇ ಇರುತ್ತದೆ. ಕಳಿತ ಆಪೂಸ್ ಹಣ್ಣನ್ನೇ ಆರಿಸಿ ತಿಂದು ಗೊರಟೆ ಬಿಟ್ಟುಹೋಗುವ ಈ ಪ್ರಾಣಿ ಮಾಳಮಡ್ಡಿಯ ಹಳೆಯ ಹಂಚಿನ ಮನೆಗಳ ಅಟ್ಟದಲ್ಲಿಯೂ ಸಂಸಾರ ಹೂಡುತ್ತದೆ. ಇದನ್ನೇ ಬಹುಮಟ್ಟಿಗೆ ಹೋಲುವ, ಇದರಂತೆಯೇ ರಾತ್ರಿ ಹೊತ್ತು ಮರದಿಂದ ಮರಕ್ಕೆ ಓಡಾಡಿ ಹಣ್ಣು ತಿಂದು ಬದುಕುವ ಇನ್ನೊಂದು ಪ್ರಾಣಿ ಆಫ್ರಿಕದ ಕಾಡುಗಳಲ್ಲಿದೆ. ಅದರ ವೈಜ್ಞಾನಿಕ ಹೆಸರು ನ್ಯಾಂಡಿನಿಯಾ ಬೈನೋಟಾಟಾ. ಪ್ರಾಣಿಶಾಸ್ತ್ರದ ತರಗತಿಯಲ್ಲಿ ಮಾಂಸಾಹಾರಿ ಗಣದ ಪಾಠ ಬಂದಾಗ ಹುಲಿ ಸಿಂಹಗಳನ್ನು ಬೇಗ ಮುಗಿಸಿ ನಾನು ಇದರ ಬಳಿ ಹೆಚ್ಚು ಹೊತ್ತು ನಿಲ್ಲುವುದುಂಟು. ಮೈಕಟ್ಟು, ಬಾಲ, ಊಟ, ಓಡಾಟ ಎಲ್ಲದರಲ್ಲೂ ನಮ್ಮ ಮರಬೆಕ್ಕಿನ ಅಣ್ಣತಮ್ಮನಂತೆ ಕಾಣುವ ಈ ಪ್ರಾಣಿ ವಂಶದ ಲೆಕ್ಕದಲ್ಲಿ ಅದಕ್ಕೆ ಬಹಳ ದೂರದ್ದು. ನಮ್ಮ ಅಟ್ಟದ ಮರಬೆಕ್ಕು ನ್ಯಾಂಡಿನಿಯಾಕ್ಕಿಂತ ಹುಲಿಗೂ ಮುಂಗುಸಿಗೂ ಕತ್ತೆಕಿರುಬಕ್ಕೂ ಹೆಚ್ಚು ಹತ್ತಿರದ ಸಂಬಂಧಿ ಎಂದರೆ ವಿದ್ಯಾರ್ಥಿಗಳು ಮೊದಲು ನಂಬುವುದಿಲ್ಲ.

ನಂಬಿಸಬೇಕಾದರೆ ತಲೆಬುರುಡೆ ಬೇಕು. ಸಾಕುಬೆಕ್ಕಿನ ಬುರುಡೆಯೊಂದನ್ನು ಅಂಗಾತ ಹಿಡಿದು ನೋಡಿದರೆ, ಕೆಳದವಡೆ ಬಂದು ಸೇರುವ ಕೀಲಿನ ಹಿಂದೆ ಎರಡೂ ಬದಿಗೆ ಸುಲಿದ ಶೇಂಗಾ ಬೀಜದಂತೆ ನುಣುಪಾಗಿ ಉಬ್ಬಿದ ಭಾಗಗಳು ಕಾಣುತ್ತವೆ. ಬೆರಳಿನಿಂದ ಸವರಿದರೆ ಗೋಡೆ ಎಷ್ಟು ತೆಳುವೆಂಬುದು ತಿಳಿಯುತ್ತದೆ. ಒಡೆದ ಬುರುಡೆ ಸಿಕ್ಕರೆ ಒಳಗಿನ ಟೊಳ್ಳನ್ನು ಎರಡು ಕೋಣೆಗಳಾಗಿ ವಿಭಜಿಸುವ ಅಡ್ಡಪರದೆಯೂ ಕಾಣುತ್ತದೆ. ನಡುಗಿವಿಯನ್ನು ಕೆಳಗಿನಿಂದ ಮುಚ್ಚಿರುವ ಈ ರಚನೆಗೆ ಟಿಂಪ್ಯಾನಿಕ್ ಬುಲ್ಲಾ ಎನ್ನುತ್ತಾರೆ. ಬೆಕ್ಕು, ಪುನುಗಿನ ಬೆಕ್ಕು (ನಮ್ಮ ಮರಬೆಕ್ಕೂ ಇದೇ ಕುಟುಂಬದ್ದು), ಮುಂಗುಸಿ ಇವೆಲ್ಲವುಗಳಲ್ಲಿ ಪ್ರಾಣಿ ಬೆಳೆದಂತೆ ಅದು ಪೂರ್ತಿ ಎಲುಬಾಗುತ್ತದೆ. ನ್ಯಾಂಡಿನಿಯಾದಲ್ಲಿ ಮಾತ್ರ ಅದರ ಹಿಂಭಾಗ ಜೀವಮಾನವಿಡೀ ಮೃದ್ವಸ್ಥಿಯಾಗಿಯೇ ಉಳಿದು, ಒಳಗಿನ ಅಡ್ಡಪರದೆಯೂ ಮೂಡುವುದಿಲ್ಲ. ಆದಕಾರಣ ಬುರುಡೆಯನ್ನು ಬೇಯಿಸಿ ಸ್ವಚ್ಛಮಾಡುವಾಗ ಆ ಭಾಗ ಮಾಂಸದೊಂದಿಗೆ ಕಿತ್ತುಹೋಗುತ್ತದೆ, ಸಂಗ್ರಹಾಲಯದ ಮಾದರಿಯಲ್ಲಿ ಆ ಜಾಗ ಬಾಯಿ ತೆರೆದುಕೊಂಡು ನಿಲ್ಲುತ್ತದೆ.

ಇಷ್ಟು ಸಣ್ಣ ಸಂಗತಿಗೆ ಇಷ್ಟೊಂದು ತೂಕವೇಕೆ ಎಂಬ ಪ್ರಶ್ನೆ ಸಹಜವೇ. ಹಲ್ಲು, ಕಾಲು, ಬಣ್ಣ ಇವು ಆಹಾರ ಮತ್ತು ನೆಲೆಗೆ ತಕ್ಕಂತೆ ಬೇಗ ಮಾರ್ಪಡುವ ಅಂಗಗಳಾಗಿರುವುದರಿಂದ ಅವುಗಳ ಹೋಲಿಕೆಯನ್ನಷ್ಟೇ ನಂಬಿ ಕುಲ ಹೇಳುವುದು ಅಪಾಯಕರ; ಕಿವಿಯ ತಳದ ರಚನೆ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಇಂಗ್ಲೆಂಡಿನ ವಿಲಿಯಂ ಹೆನ್ರಿ ಫ್ಲವರ್ 1869ರಲ್ಲಿಯೇ ಬುರುಡೆಯ ತಳವನ್ನು ಆಧಾರವಾಗಿಟ್ಟುಕೊಂಡು ಮಾಂಸಾಹಾರಿಗಳನ್ನು ವಿಂಗಡಿಸುವ ದಾರಿ ತೋರಿಸಿದ್ದರು. 1929ರಲ್ಲಿ, ಭಾರತದ ಸಸ್ತನಿಗಳ ಬಗ್ಗೆಯೂ ವಿಸ್ತಾರವಾಗಿ ಬರೆದ ರೆಜಿನಾಲ್ಡ್ ಪೊಕಾಕ್ ಅವರು ನ್ಯಾಂಡಿನಿಯಾವನ್ನು ಪುನುಗಿನ ಬೆಕ್ಕುಗಳ ಕುಟುಂಬದಿಂದ ತೆಗೆದು ಅದಕ್ಕೊಂದು ಪ್ರತ್ಯೇಕ ಕುಟುಂಬವನ್ನೇ ಮಾಡಿದರು. ಆ ಕುಟುಂಬದಲ್ಲಿ ಇಂದಿಗೂ ಬದುಕಿರುವ ಸದಸ್ಯ ಇದೊಂದೇ. ಮುಂದೆ ಡಿಎನ್‌ಎ ಪರೀಕ್ಷೆ ಬಂದಾಗ ಪೊಕಾಕ್ ಅವರ ತೀರ್ಮಾನಕ್ಕೇ ಬಲ ಬಂದಿತು: ಬೆಕ್ಕಿನ ಬಣದ ಉಳಿದೆಲ್ಲ ಕುಟುಂಬಗಳೂ ಕವಲೊಡೆಯುವ ಮೊದಲೇ, ಅಂದರೆ ಸುಮಾರು 4 ಕೋಟಿ ವರ್ಷಗಳ ಹಿಂದೆ, ನ್ಯಾಂಡಿನಿಯಾದ ವಂಶ ಬೇರೆಯಾಗಿತ್ತು. ಪರೀಕ್ಷೆಗೆಂದು ಕುಟುಂಬಗಳ ಹೆಸರುಗಳನ್ನು ಉರುಹೊಡೆಸುವ ನಮ್ಮ ಪದ್ಧತಿಯಲ್ಲಿ ಈ ಕಥೆಗೆ ಜಾಗವಿಲ್ಲದಿರುವುದು ನನಗಂತೂ ಬೇಸರದ ವಿಷಯ.

ಇನ್ನು ಪ್ರಾಣಿಯ ವಿಚಾರ. ತೂಕ ಸಾಮಾನ್ಯವಾಗಿ 2 ಕಿಲೋ ಆಸುಪಾಸು, ದೊಡ್ಡ ಗಂಡು 3 ಕಿಲೋದವರೆಗೂ ಬೆಳೆಯಬಹುದು. ಕಂದು ಬಣ್ಣದ ಮೈಮೇಲೆ ಮಾಸಲು ಕಪ್ಪು ಚುಕ್ಕೆಗಳು, ದೇಹದಷ್ಟೇ ಅಥವಾ ಅದಕ್ಕಿಂತಲೂ ಉದ್ದವಾದ, ಅಸ್ಪಷ್ಟ ಬಳೆಗಳಿರುವ ದಪ್ಪ ಬಾಲ, ಹೆಗಲಿನ ಮೇಲೆ ಎಡಕ್ಕೊಂದು ಬಲಕ್ಕೊಂದು ಕೆನೆಬಣ್ಣದ ಮಚ್ಚೆ. ಉಗುರುಗಳು ಬಾಗಿದವು, ಚೂಪಾದವು. ಮರದ ಕಾಂಡದಿಂದ ತಲೆ ಕೆಳಗಾಗಿ ಇಳಿದುಬರುವುದು ಇದಕ್ಕೆ ಸಲೀಸು. ಕಾಲ್ಬೆರಳುಗಳ ನಡುವೆ ಮತ್ತು ಕಿಬ್ಬೊಟ್ಟೆಯಲ್ಲಿರುವ ಗಂಧಗ್ರಂಥಿಗಳಿಂದ ಕೊಂಬೆಗಳ ಮೇಲೆ ಗುರುತು ಹಾಕುತ್ತ ಓಡಾಡುತ್ತದೆ. ಹಗಲಿಡೀ ಕೊಂಬೆಗಳ ಕವಲಿನಲ್ಲೋ ಬಳ್ಳಿಗಳ ಗೋಜಲಿನಲ್ಲೋ ಮಲಗಿದ್ದು ಕತ್ತಲಾದ ಮೇಲೆ ಒಂಟಿಯಾಗಿ ಹೊರಡುವ ಇದರ ಕೂಗು ಕಾಡಿನಲ್ಲಿ ಬಹುದೂರದವರೆಗೆ ಕೇಳಿಸುತ್ತದೆ.

ಇದರ ಬದುಕನ್ನು ಹತ್ತಿರದಿಂದ ಅಭ್ಯಾಸ ಮಾಡಿದವರು ಫ್ರಾನ್ಸಿನ ಪಿಯೆರ್ ಶಾರ್ಲ್-ಡೊಮಿನಿಕ್. ಗ್ಯಾಬೊನ್ ದೇಶದ ಮಳೆಕಾಡಿನಲ್ಲಿ ನಡೆಸಿದ ಅಧ್ಯಯನವನ್ನು ಅವರು 1978ರಲ್ಲಿ ಪ್ರಕಟಿಸಿದರು. ಅಲ್ಲಿನ ನ್ಯಾಂಡಿನಿಯಾಗಳ ಆಹಾರದಲ್ಲಿ ಐದರಲ್ಲಿ ನಾಲ್ಕು ಪಾಲು ಹಣ್ಣೇ ಇದ್ದಿತು. ಉಳಿದದ್ದು ಇಲಿ, ಹಕ್ಕಿ, ಮೊಟ್ಟೆ, ಹುಳುಹುಪ್ಪಟೆ. ಹೆಣ್ಣುಗಳು ತಮ್ಮ ತಮ್ಮ ಸರಹದ್ದು ಕಾಯ್ದುಕೊಂಡರೆ, ಬಲಿಷ್ಠ ಗಂಡಿನ ಸರಹದ್ದು ಹಲವು ಹೆಣ್ಣುಗಳ ಸರಹದ್ದನ್ನು ಒಳಗೊಂಡಿರುತ್ತದೆ. ಎಳೆಯ, ದುರ್ಬಲ ಗಂಡುಗಳಿಗೆ ಅಂಚಿನ ಅಲೆದಾಟವೇ ಗತಿ. ಗರ್ಭಾವಧಿ ಎರಡು ತಿಂಗಳಿಗಿಂತ ತುಸು ಹೆಚ್ಚು. ಮೊಲೆಯೂಡಿಸುವ ಕಾಲದಲ್ಲಿ ತಾಯಿಯ ಹೊಟ್ಟೆಯ ಚರ್ಮದಿಂದ ಕಿತ್ತಳೆ-ಹಳದಿ ಬಣ್ಣದ ದ್ರವ ಒಸರಿ, ಅವಳ ತುಪ್ಪಳಕ್ಕೂ ಮರಿಗಳ ಮೈಗೂ ಅದೇ ಬಣ್ಣ ಹತ್ತುತ್ತದೆ. ಇಂಥದ್ದನ್ನು ನಮ್ಮ ಮರಬೆಕ್ಕಿನಲ್ಲಿ ಕಾಣಲಾಗದು.

ತಿನ್ನುವ ಹಣ್ಣುಗಳಲ್ಲಿ ಮುಸಾಂಗಾ ಎಂಬ ಮರದ್ದು ಮುಖ್ಯ. ಕೊಡೆಯಂತಹ ಎಲೆಗಳಿರುವ ಈ ಮರ ಬಿಸಿಲು ಬೀಳುವ ಬಯಲಲ್ಲಿ, ಸಾಗುವಳಿ ಬಿಟ್ಟ ಹೊಲಗಳಲ್ಲಿ ಮೊದಲು ತಲೆಯೆತ್ತಿ ಸರಸರನೆ ಬೆಳೆದು, ಹಿಂದಿನಿಂದ ಬರುವ ನಿಧಾನಗತಿಯ ಮರಗಳಿಗೆ ನೆರಳು ಕೊಡುತ್ತದೆ. ಅದರ ಸಣ್ಣ ಬೀಜಗಳನ್ನು ಹಿಕ್ಕೆಯ ಮೂಲಕ ಹೊತ್ತೊಯ್ಯುವ ಪ್ರಾಣಿಗಳಲ್ಲಿ ನ್ಯಾಂಡಿನಿಯಾವೂ ಒಂದು. ಈ ವಿಷಯದಲ್ಲಿ ಮಾತ್ರ ಎರಡು ವಂಶಗಳೂ ಒಂದೇ ಕಸುಬಿನವು. ದಾಂಡೇಲಿಯ ಕಡೆಯ ಕಾಡುಗಳಲ್ಲಿ ನಮ್ಮ ಮರಬೆಕ್ಕುಗಳೂ ಬೀಜ ಬಿತ್ತುವ ಕೆಲಸ ಮಾಡುತ್ತವೆ.

ಪಶ್ಚಿಮ ಆಫ್ರಿಕದ ಕರಾವಳಿ ದೇಶಗಳಿಂದ ಕಾಂಗೊ ಬಯಲಿನ ಮೂಲಕ ಪೂರ್ವದ ಟಾಂಜಾನಿಯಾ, ಮೊಜಾಂಬಿಕ್‌ಗಳವರೆಗೂ, ದಟ್ಟ ಮಳೆಕಾಡು, ಹೊಳೆದಂಡೆಯ ಕಾಡಿನ ಪಟ್ಟಿ, ಬೆಟ್ಟದ ಕಾಡುಗಳಲ್ಲಿ ನ್ಯಾಂಡಿನಿಯಾ ಹಬ್ಬಿದೆ. ಮರಗಳಿದ್ದರೆ ಸಾಕು, ಹಳ್ಳಿಯಂಚಿನ ತೋಟಗಳಿಗೂ ಹೊಂದಿಕೊಳ್ಳುತ್ತದೆ. ಮಾಂಸಕ್ಕಾಗಿ ಬೇಟೆ ನಡೆಯುತ್ತಿದೆ, ಕಾಡೂ ಕರಗುತ್ತಿದೆ, ಆದರೂ ಅಂತರರಾಷ್ಟ್ರೀಯ ಕೆಂಪುಪಟ್ಟಿ ಇದನ್ನು ಸದ್ಯಕ್ಕೆ ಆತಂಕವಿಲ್ಲದ ಪ್ರಾಣಿಗಳ ಸಾಲಿನಲ್ಲಿಯೇ ಇಟ್ಟಿದೆ. ಕಾಡಿನ ಸಮೀಕ್ಷೆಗೆ ಕಟ್ಟುವ ಕ್ಯಾಮೆರಾಗಳು ಸಾಮಾನ್ಯವಾಗಿ ನೆಲದ ಮೇಲೆ ನಡೆಯುವ ಚಿರತೆ, ಜಿಂಕೆಗಳಿಗೆಂದು ಮೊಣಕಾಲೆತ್ತರದಲ್ಲಿ ಇರುತ್ತವೆ. ಎತ್ತರದ ಕೊಂಬೆಗಳಲ್ಲಿಯೇ ರಾತ್ರಿ ಕಳೆಯುವ ಪ್ರಾಣಿ ಅವುಗಳ ಕಣ್ಣಿಗೆ ಬೀಳುವುದು ಅಪರೂಪ. ಆದ್ದರಿಂದ ಅಂಥ ಸಮೀಕ್ಷೆಯ ಪಟ್ಟಿಯಲ್ಲಿ ಅದರ ಹೆಸರು ಕಾಣದಿದ್ದರೆ ಅಲ್ಲಿ ಅದು ಇಲ್ಲವೆಂದು ತಿಳಿಯಬೇಕಾಗಿಲ್ಲ. ಮರದ ಮೇಲೂ ಕ್ಯಾಮೆರಾ ಕಟ್ಟಿದಾಗಲೇ ಅದರ ಇರವು ಸರಿಯಾಗಿ ದಾಖಲಾಗುತ್ತದೆ.