ಬೇರೆ ಬಕೆಟ್‌ನಲ್ಲಿ ನೆನೆದ ಲಂಗ

ಭಾನುವಾರದಿಂದ ದೊಡ್ಡಮ್ಮನ ಒಂದೇ ಮಾತು ಕಿವಿಯಲ್ಲಿದೆ. "ಹೋಗಿದ್ದು ತಿರುಗಿ ಬಂದಿದೆ ಕಣೇ, ನಂಗಿನ್ನೂ ವಯಸ್ಸಾಗಿಲ್ಲ." ಹೇಳಿ ನಕ್ಕಳು.

ಬೇಲೂರಿನ ಹತ್ತಿರ ಅವಳ ಮನೆ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಒಂದು ಲಂಗ ಮಾತ್ರ ಬೇರೆ ಬಕೆಟ್‌ನಲ್ಲಿ ನೆನೆದಿತ್ತು. ಒಣಗಲು ಹಾಕುವಾಗ ಅದರ ಮೇಲೊಂದು ಟವೆಲ್ ಮುಚ್ಚಿದಳು. ಯಾಕೆ ಅಂತ ಕೇಳಿದ್ದಕ್ಕೆ ಆ ಮಾತು, ಆ ನಗು. ಮುಟ್ಟು ನಿಂತು ಆರು ವರ್ಷ ಆಗಿದೆ ಅವಳಿಗೆ!

ಮೂರು ತಿಂಗಳಿಂದ ಆಗಾಗ ಕಾಣಿಸಿಕೊಳ್ಳುತ್ತಿತ್ತಂತೆ. ವಾಸನೆಯ ಬಿಳಿ ಸೆರಗೂ ಇತ್ತಂತೆ. ಯಾರೋ ಉಷ್ಣ ಅಂದರು, ಮೆಂತ್ಯ ನೆನೆಸಿದ ನೀರು ಕುಡಿದಳು. ಸೊಸೆಗೆ ಗೊತ್ತಿತ್ತು. ಒಳ್ಳೆ ಹುಡುಗಿ, ಅತ್ತೆಯ ಇಂಥ ವಿಷಯ ಗಂಡನಿಗೆ ಹೇಗೆ ಹೇಳೋದು ಅಂತ ಸುಮ್ಮನಿದ್ದಳು. ನನಗೆ ಸಿಟ್ಟು ಬಂದಿದ್ದು ಏನೂ ಗಮನಿಸದ ಅವಳ ಗಂಡನ ಮೇಲೆ, ನಮ್ಮಣ್ಣನ ಮೇಲೆ. ಹಸು ಮೇವು ಬಿಟ್ಟರೆ ಅವತ್ತೇ ಡಾಕ್ಟರನ್ನು ಕರೆಸುವವನು ಅವನು.

ಮಂಗಳವಾರ ಹಾಸನಕ್ಕೆ ಕರೆದುಕೊಂಡು ಹೋದೆ. "ಮುಟ್ಟು ನಿಂತ ಮೇಲೆ ಒಂದು ತೊಟ್ಟು ಕಂಡರೂ ತೋರಿಸಬೇಕಮ್ಮ" ಅಂದರು ಡಾಕ್ಟರಮ್ಮ. ಎಲ್ಲಾ ಸಲ ಕ್ಯಾನ್ಸರೇ ಆಗಿರಲ್ಲ, ಆದರೆ ನೋಡದೆ ಹೇಳೋಕಾಗಲ್ಲ. ಗಂಡ ಹೆಂಡತಿ ಸೇರಿದ ಮೇಲೆ ರಕ್ತ ಬಂದರೂ, ಎರಡು ಮುಟ್ಟಿನ ನಡುವೆ ಬಂದರೂ ಹಾಗೇ. ಶುರುವಿನಲ್ಲಿ ಏನೂ ಗೊತ್ತಾಗದೆಯೂ ಇರಬಹುದು. ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಹೆಚ್ಚಾಗಿ ಎಚ್‌ಪಿವಿ ವೈರಸ್ಸೇ ಕಾರಣವಂತೆ. ಬೆಳೆಯೋಕೆ ಸಾಮಾನ್ಯವಾಗಿ 15-20 ವರ್ಷ ತಗೊಳ್ಳುತ್ತೆ. ಅದಕ್ಕೇ 30 ದಾಟಿದ ಹೆಂಗಸರಿಗೆ ಸರ್ಕಾರಿ ತಪಾಸಣೆ ಇರೋದು. ನನಗೀಗ 41. ಒಮ್ಮೆಯೂ ಮಾಡಿಸಿರಲಿಲ್ಲ. ಅವತ್ತೇ ಮಾಡಿಸಿಕೊಂಡೆ, ಎರಡು ನಿಮಿಷದ ಕೆಲಸ.

ಆ ನಗು ಹೆದರಿಕೆಯದ್ದು ಅಂತ ಈಗ ಅನ್ನಿಸುತ್ತಿದೆ. ಅಮ್ಮನೂ ಹೀಗೇ ನಗುತ್ತಿದ್ದಳು. ಬೆನ್ನು ನೋವು, ಮಂಡಿ ನೋವು ನಮ್ಮ ಮನೆಗಳಲ್ಲಿ ಜಗುಲಿಯ ಮೇಲೆ ಕೂತು ಹೇಳಿಕೊಳ್ಳುವ ಮಾತು. ಹೊಟ್ಟೆಯ ಕೆಳಗಿನದು ಮಾತ್ರ ಹಿತ್ತಲಲ್ಲೇ ಉಳಿಯಿತು, ಟವೆಲ್ ಮುಚ್ಚಿಕೊಂಡು. ನನ್ನ ಮಗಳಿಗೆ ಹನ್ನೆರಡು. ಎಚ್‌ಪಿವಿ ಲಸಿಕೆ ಹಾಕಿಸಲು ಸರಿಯಾದ ವಯಸ್ಸು, 9ರಿಂದ 14ರೊಳಗೆ. ಯಾಕೆ ಅಂತ ಅವಳಿಗೆ ಬಿಡಿಸಿ ಹೇಳಿದೆ. ನನ್ನ ಗಂಡನ ಎದುರೇ ಹೇಳಿದೆ.

ದೊಡ್ಡಮ್ಮನಿಗೆ ಪ್ಯಾಪ್ ಸ್ಮಿಯರ್ (ಗರ್ಭಕೋಶದ ಬಾಯಿಯಿಂದ ಜೀವಕೋಶ ಸವರಿ ತೆಗೆದು ನೋಡುವ ಪರೀಕ್ಷೆ) ಮಾಡಿ, ಒಂದು ಚೂರು ಮಾಂಸವನ್ನೂ ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ರಿಪೋರ್ಟ್ ಮುಂದಿನ ಬುಧವಾರ. ನಿನ್ನೆ ರಾತ್ರಿ ಫೋನ್ ಮಾಡಿ "ಊಟ ಆಯ್ತಾ" ಅಂದಳು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬುಧವಾರ ಮೊದಲನೇ ಬಸ್ಸಿಗೇ ಹೋಗೋಣ ಕಣೇ" ಅಂದಳು. ಈ ಸಲ ನಗಲಿಲ್ಲ.